ಶರಣಮ್ಮನವರ ಮೊದಲ ಮೊಗ್ಗು

ಬಳ್ಳಾರಿಯಿಂದ ಸಿರುಗುಪ್ಪದವರೆಗಿನ ಸಮಸ್ತ ಗಿಡಗಳ ತುದಿ ಚಿವುಟಿದ, ನನ್ನ ಅವ್ವನ ಏಕೈಕ ತಮ್ಮನಾದ ಎರ್ರಿಸ್ವಾಮಿ ಮಾಮನಿಗೆ,

ಪಂಪಾಪತಿಯ ನಮಸ್ಕಾರ. ನೀನು ಹೋಗಿ ವರ್ಷವಾಗುತ್ತ ಬಂತು. ನೀನಿರುವ ಕಡೆ ಗಿಡಗಳಿವೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ, ಇಷ್ಟರಲ್ಲಿ ಒಂದಕ್ಕೂ ತುದಿ ಉಳಿದಿರಲಿಕ್ಕಿಲ್ಲ. ಈ ಪತ್ರ ನಿನ್ನ ಕುಶಲ ವಿಚಾರಿಸಲು ಅಲ್ಲ ಮಾಮ. ನಿನ್ನ ಮೇಲೆ ಗಂಭೀರವಾದ ಆಪಾದನೆಯೊಂದಿದೆ. ರೇಖಕ್ಕನ ಮದುವೆಯ ಮಾತು ಮುರಿಯುವ ಹಂತಕ್ಕೆ ಹೋಗಿತ್ತು. ನನ್ನ ಬಲಗೈ ಹೆಬ್ಬೆರಳಿನ ಉಗುರೇ ಕಾರಣವೆಂದು ಬ್ರೂಸ್‌ಪೇಟೆಯ ನಮ್ಮ ಓಣಿಯೆಲ್ಲ ತೀರ್ಪು ಕೊಟ್ಟಿತು. ಸರಿ, ಒಪ್ಪಿದೆ. ಆದರೆ ಆ ಉಗುರಿಗೆ ಕೆಲಸ ಕಲಿಸಿದವರು ಯಾರು?

ಬಸ್ಸಿಗೆ ಟಿಕೆಟ್ ಮಷಿನ್ ಬಂದ ವರ್ಷ ನೆನಪಿದೆಯಾ? ಉಳಿದ ಕಂಡಕ್ಟರುಗಳೆಲ್ಲ ಟಿಕೆಟ್ ಹರಿಯಲು ಬೆಳೆಸಿದ್ದ ಉಗುರನ್ನು ಕತ್ತರಿಸಿಕೊಂಡರು. ನೀನು ಮಾತ್ರ ಹೆಬ್ಬೆರಳಿನದನ್ನು ಹಾಗೇ ಉಳಿಸಿಕೊಂಡೆ, ಅದರ ಅಂಚು ಯಾವಾಗಲೂ ಹಸಿರು. ತೆಕ್ಕಲಕೋಟೆಯಲ್ಲಿ ಡ್ರೈವರ್ ಚಹಾ ಕುಡಿಯುವಷ್ಟರಲ್ಲಿ ಹೋಟೆಲಿನವನ ತುಳಸಿ, ಪಕ್ಕದ ಮನೆಯವರ ದಾಸವಾಳ, ಎದುರಿನ ಮೆಡಿಕಲ್ ಶಾಪಿನ ಮುಂದಿನ ಚೆಂಡುಹೂವು, ಎಲ್ಲದರ ತಲೆ ಸವರಿ ಬರುತ್ತಿದ್ದೆ. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ, "ಸ್ವಾಮಿ, ಬರ್ರಿ! ಪ್ಯಾಸೆಂಜರ್ ನನ್ನ ಬೈಯ್ಯಾಕ ಹತ್ಯಾರ" ಎಂದು ಕೂಗಿದರೆ, "ತಡಿಯಪಾ, ಇದು ಬಾಳ ಉದ್ದಾಗೈತಿ" ಎನ್ನುತ್ತಿದ್ದೆ. ಒಮ್ಮೆ ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಚೀಲ ಕೊಡಲು ಪೊಲೀಸ್ ಠಾಣೆಗೆ ಹೋದವನು ಅಲ್ಲಿನ ಕುಂಡಕ್ಕೂ ಕೈ ಹಾಕಿದ್ದೆಯಂತೆ. "ಏನ್ ಕಿತ್ತಿ?" ಎಂದು ಪೇದೆ ಗದರಿಸಿದಾಗ ನೀನು ಕೊಟ್ಟ ಉತ್ತರವನ್ನು ಅವ್ವ ಈಗಲೂ ಹೇಳಿ ನಗುತ್ತಾಳೆ: "ಏನೂ ಕಿತ್ತಿಲ್ರಿ ಸಾಹೇಬ್ರ, ಹೆಚ್ಚು ಮಾಡೀನಿ."

ನನಗೆ ಪಾಠ ಹೇಳಿದ್ದು ಕುರುಗೋಡಿನ ನಿನ್ನ ಹಿತ್ತಿಲಲ್ಲಿ. ಸಾಲಾಗಿ ಎಣ್ಣೆ ಡಬ್ಬಗಳು, ಒಂದೊಂದರಲ್ಲೂ ಒಂದೊಂದು ಸೇವಂತಿಗೆ. ಒಂದು ಸಸಿ ನೆಟ್ಟಗೆ ಕೋಲಿನ ಹಾಗೆ ನಿಂತಿತ್ತು, ತುದಿಯಲ್ಲಿ ಎಳೆ ಎಲೆಗಳ ಗೊಂಚಲು. ನೀನು ಅದನ್ನು ಚಕ್ಕನೆ ಮುರಿದಾಗ ನನಗೆ ಸಂಕಟವಾಯಿತು. "ಅಷ್ಟು ಚೊಲೊ ಬೆಳದಿತ್ತಲ್ಲೋ ಮಾಮ!" ಎಂದೆ. ನೀನು ಕಂಡಕ್ಟರನ ಭಾಷೆಯಲ್ಲೇ ವಿವರಿಸಿದೆ. "ಬಸ್ಸಿನ ಬಾಗಿಲದಾಗ ಒಬ್ಬ ದಢೂತಿ ನಿಂತಿರ್ತಾನ. ಅವ ಒಳಗೂ ಹೋಗಂಗಿಲ್ಲ, ಹಿಂದಿನವ್ರನ್ನ ಹತ್ತಾಕೂ ಬಿಡಂಗಿಲ್ಲ. ಅವ್ನ ಕೆಳಗ ಇಳಿಸಿ ನೋಡು, ಎರಡೂ ಕಡಿಂದ ಹೆಂಗ ನುಗ್ತಾರ." ಹತ್ತು ಹನ್ನೆರಡು ದಿನದ ಮೇಲೆ ಬಂದು ನೋಡಿದರೆ ಪ್ರತಿ ಎಲೆಯ ಬುಡದಿಂದ ಕವಲುಗಳು ನುಗ್ಗುತ್ತಿದ್ದವು. ಬಾಗಿಲ ದಢೂತಿಯ ಮೇಲೆ ಅವತ್ತು ಹುಟ್ಟಿದ ನನ್ನ ದ್ವೇಷ ಇವತ್ತಿಗೂ ಹೋಗಿಲ್ಲ.

ಅಕ್ಕನ ಮದುವೆಯ ಮಾತು ಶುರುವಾದದ್ದೂ ನಿನ್ನ ಬಸ್ಸಿನಲ್ಲೇ ಅಲ್ಲವೇ? ಅವಳು ತೆಕ್ಕಲಕೋಟೆಯ ಸಾಲೆಯಲ್ಲಿ ಪಾಠ ಮುಗಿಸಿ ಸಂಜೆ ಹತ್ತುತ್ತಿದ್ದಳು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ನೋಡುವ ಮಂಜುನಾಥ, ಬಳ್ಳಾರಿಯಲ್ಲಿ ಟ್ಯಾಲಿ ಕಲಿಯುವ ನೆಪದಿಂದ ಮೊದಲೇ ಕುಳಿತಿರುತ್ತಿದ್ದ. ಅವನ ಪಕ್ಕದ ಸೀಟಿನ ಮೇಲೆ ನಿನ್ನ ಚರ್ಮದ ಚೀಲ ಇಟ್ಟು, ಅಕ್ಕ ಹತ್ತಿದ ಕೂಡಲೇ ಎತ್ತಿಕೊಳ್ಳುತ್ತಿದ್ದೆಯಂತೆ. "ಎರಡೂ ಮನಿಯವ್ರ ಹತ್ರ ನಾ ಮಾತಾಡ್ತೀನಿ, ನೀವು ಸುಮ್ನ ಇರ್ರಿ" ಎಂದು ಮಾತು ಕೊಟ್ಟವನು, ಆ ಮಾತು ಎತ್ತುವ ಮೊದಲೇ… ಹೋಗಲಿ ಬಿಡು. ನೀನಿಲ್ಲದೆಯೂ ಮಾತು ನಡೆಯಿತು. ಮಂಜುನಾಥನ ಅವ್ವ ಶರಣಮ್ಮನವರು ಬಲು ಶಿಸ್ತಿನವರು, ಶಾಸ್ತ್ರದಲ್ಲಿ ಒಂದು ಎಳೆ ತಪ್ಪಿದರೂ ಸಹಿಸದವರು. ಅಂಥವರೂ ನಮ್ಮ ಮನೆಗೆ ಬಂದು ಅಕ್ಕನನ್ನು ನೋಡಿ ಒಪ್ಪಿದರು. ಉಳಿದದ್ದು ನಾವು ಸಿರುಗುಪ್ಪಕ್ಕೆ ಹೋಗಿ ಅವರ ಮನೆ ನೋಡಿ ಬರುವುದು, ಅವರು ತಾಂಬೂಲ ಕೊಡುವುದು, ಹೂ ಮುಡಿಸುವ ದಿನ ಗೊತ್ತು ಮಾಡುವುದು. ಅಷ್ಟೇ.

ದಸರೆ ಮುಗಿದ ಮೇಲೆ ಅಪ್ಪ, ಅವ್ವ, ನಾನು ಹೋದೆವು. ಶರಣಮ್ಮನವರು ಚಾಪೆ ಹಾಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಶಿರಾ ಇಟ್ಟರು. "ಸೋದರಮಾವ ಬಂದಿಲ್ಲೇನ್ರಿ?" ಎಂದು ಅವರ ಕಡೆಯ ಹಿರಿಯರೊಬ್ಬರು ಕೇಳಿಬಿಟ್ಟರು. ಅವ್ವನ ಕೈಯಲ್ಲಿದ್ದ ಶಿರಾ ಬಾಯಿಗೆ ಹೋಗಲಿಲ್ಲ. "ಅವ ತೀರಿಕೊಂಡಾನ್ರಿ" ಎಂದು ಅಪ್ಪ ಹೇಳಿದರು. ನಾನು ಕೈ ತೊಳೆಯುತ್ತೇನೆಂದು ಎದ್ದು ಅಂಗಳಕ್ಕೆ ಬಂದೆ. ಅಲ್ಲಿ ಕಾಂಪೌಂಡಿನ ಪಕ್ಕ ಒಂದು ಹೊಸ ಕುಂಡ, ಅದರಲ್ಲಿ ಒಂಟಿ ಸೇವಂತಿಗೆ. ಅದೇ ಕೋಲು, ಅದೇ ನೆಟ್ಟನೆಯ ಸೊಕ್ಕು, ತುದಿಯಲ್ಲಿ ಒಂದೇ ಒಂದು ಮೊಗ್ಗು. ನೀನು ಬಂದಿದ್ದರೆ ಆ ಮನೆಯ ಹೊಸ್ತಿಲು ದಾಟುವ ಮೊದಲೇ ಆ ಕೆಲಸ ಮುಗಿಸಿರುತ್ತಿದ್ದೆ. ನೀನು ಬರುವ ಹಾಗಿರಲಿಲ್ಲ. ಯಾರಾದರೂ ನಿನ್ನ ಪರವಾಗಿ… ಮಾಮ, ನೀನು ಹೋದ ಮೇಲೆ ನಾನೂ ಹೆಬ್ಬೆರಳಿನ ಉಗುರು ಬೆಳೆಸಿದ್ದೇನೆ ಎಂದು ನಿನಗೆ ಹೇಳಿರಲಿಲ್ಲ. ಚಿವುಟಿದೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಶರಣಮ್ಮನವರು. ಕೈಯಲ್ಲಿ ಎಲೆ, ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟ ತಾಂಬೂಲದ ತಟ್ಟೆ.

"ಕೈಯಾಗ ಅದೇನಪಾ?"

"ಮೊಗ್ಗು ರೀ."

"ಯಾವ ಮೊಗ್ಗು?"

ನಾನು ಕುಂಡದ ಕಡೆ ನೋಡಿದೆ. ಅವರೂ ನೋಡಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. "ಯಾಕ ಕಿತ್ತಿ?" ಎಂದು ಕೇಳಿದಾಗ ಅವರ ದನಿ ಬಹಳ ಸಣ್ಣದಾಗಿತ್ತು.

ನನ್ನ ಗುಣ ನಿನಗೆ ಗೊತ್ತಲ್ಲ. ಹೆದರಿದಾಗ ನನ್ನ ಬಾಯಿಂದ ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯ ಭಾಷೆ ಬರುತ್ತದೆ. "ಗಿಡದ ಸರ್ವಾಂಗೀಣ ಅಭಿವೃದ್ಧಿಗಾಗಿ ರೀ" ಎಂದುಬಿಟ್ಟೆ.

"ನಗಾಟ ಮಾಡ್ತೀಯೇನೋ? ನಮ್ಮ ಮನ್ಯಾಗ ನಿಂತು, ನನ್ನ ಮುಂದ?" ಎಂದು ಅವರು ಎರಡು ಹೆಜ್ಜೆ ಮುಂದೆ ಬಂದರು. "ಕೇಳೀನಿ ನಿನ್ನ ಸುದ್ದಿ. ಅಪ್ಪನ ಹಳೇ ಸ್ಕೂಟರ್ ಗುಜರಿಗೆ ಹೋದ್ರ ಅದಕ್ಕ 'ನಮ್ಮನ್ನಗಲಿದ ಚೇತನ' ಅಂತ ಫ್ಲೆಕ್ಸ್ ಹಾಕಿದಾವ ನೀನ ಅಲ್ಲೇನು? ಓಣಿ ನಾಯಿ ಹುಟ್ಟಿದಹಬ್ಬಕ್ಕ ಬ್ಯಾನರ್ ಕಟ್ಟಿದಾವ ನೀನ ಅಲ್ಲೇನು? ಹುಡುಗ ಅದಾನ, ಹೋಗ್ಲಿ ಅಂತ ಬಿಟ್ಟಿದ್ದೆ."

ಅಷ್ಟರಲ್ಲಿ ಅಪ್ಪ ಅವ್ವ ಹೊರಗೆ ಬಂದಿದ್ದರು. ಶರಣಮ್ಮನವರು ಅವ್ವನ ಕಡೆ ತಿರುಗಿದರು. "ಆ ಮೊದಲನೇ ಹೂವು ನಿಮ್ಮ ಮಗಳ ಜಡಿಗೆ ಇಟ್ಟಿದ್ನೆವ್ವ. ಹೂ ಮುಡಸೋ ದಿವಸ ಅಂಗಡಿ ಹೂವು ಬ್ಯಾಡ, ಮನಿ ಹೂವು ಮುಡಸಬೇಕಂತ ದಿನಾ ನೀರು ಹಾಕಿ ಕಾಯಾಕ ಹತ್ತಿದ್ದೆ." ತಾಂಬೂಲದ ತಟ್ಟೆ ಹಿಡಿದೇ ಒಳಗೆ ಹೋದರು. ತಟ್ಟೆ ಮತ್ತೆ ಹೊರಗೆ ಬರಲಿಲ್ಲ. ಕೊಡಲು ತಂದ ತಾಂಬೂಲ ವಾಪಸ್ ಒಳಗೆ ಹೋದದ್ದನ್ನು ನೀನು ಎಲ್ಲಾದರೂ ನೋಡಿದ್ದೀಯಾ? ನಾನು ನೋಡಿದೆ. ನನ್ನ ಅಂಗೈಯಲ್ಲಿ ಮೊಗ್ಗು ಇನ್ನೂ ತಣ್ಣಗಿತ್ತು.

ವಾಪಸ್ ಬರುವಾಗ ನಿನ್ನದೇ ಮಾರ್ಗದ ಬಸ್ಸು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತವರು ಬಳ್ಳಾರಿ ಬರುವತನಕ ಈ ಕಡೆ ತಿರುಗಲಿಲ್ಲ. ಮನೆಗೆ ಕಾಲಿಟ್ಟಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಮಂಜುನಾಥನ ಫೋನು ನಮಗಿಂತ ಮೊದಲೇ ಬಂದಿತ್ತು. ಅವಳು ಅಳುತ್ತಿದ್ದರೆ ಎಷ್ಟೋ ಚೆನ್ನಾಗಿತ್ತು.

"ಲೇ ಪಂಪಾ, ನಿನ್ನ ಜೀವನದಾಗ ಒಂದರ ಕೆಲಸ ನಗಾಟ ಇಲ್ಲದ ಮಾಡಿಯೇನಲೇ?"

"ಇದ ಅಕ್ಕ. ಇದೊಂದ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರೂ ನಂಬುವುದಿಲ್ಲ ಮಾಮ. ಸ್ಕೂಟರಿಗೆ ಶ್ರದ್ಧಾಂಜಲಿ ಸಲ್ಲಿಸಿದವನ ಕಣ್ಣೀರನ್ನು ಯಾರು ನಂಬುತ್ತಾರೆ?

ಎರಡು ದಿನದ ನಂತರ ಸಿರುಗುಪ್ಪದಿಂದ ಮಾತು ಬಂತು. ಗುಡಿಯಲ್ಲಿ ದೇವರ ಮೇಲಿಂದ ಹೂ ಬಿದ್ದರೆ ಪ್ರಸಾದವಾಯಿತು ಎನ್ನುತ್ತೇವಲ್ಲ, ಶರಣಮ್ಮನವರು ಆ ಕುಂಡವನ್ನೇ ಗುಡಿ ಮಾಡಿಬಿಟ್ಟಿದ್ದರು. "ಅದ ಗಿಡ ಮತ್ತ ಹೂ ಬಿಡ್ಲಿ. ಧನುರ್ಮಾಸ ಹಿಡಿಯೂದ್ರೊಳಗ ಬಿಟ್ರ ಅದು ದೇವ್ರ ಒಪ್ಪಿಗಿ. ಬಿಡಲಿಲ್ಲಂದ್ರ ಕೊಳಗಲ್ಲಿನ ಹುಡುಗೀ ಮನಿಯವ್ರಿಗೆ ಮಾತು ಕೊಡ್ತೀವಿ." ಕೊಳಗಲ್ಲಿನಲ್ಲಿ ಇನ್ನೊಂದು ಸಂಬಂಧ ಮೊದಲಿಂದಲೂ ಕಾದು ಕುಳಿತಿತ್ತಂತೆ. ಧನುರ್ಮಾಸ ಶುರುವಾಯಿತೆಂದರೆ ಸಂಕ್ರಾಂತಿವರೆಗೆ ಯಾವ ಶುಭಕಾರ್ಯದ ಮಾತೂ ಇಲ್ಲ. ಹೀಗೆ ನನ್ನ ಅಕ್ಕನ ಬದುಕು ಒಂದು ಮುರಿದ ಕಡ್ಡಿಯ ಮೇಲೆ ನಿಂತಿತು.

ಮಂಜುನಾಥ ಕಳ್ಳತನದಿಂದ ಫೋಟೋ ಕಳಿಸತೊಡಗಿದ. ಶರಣಮ್ಮನವರು ಪೂಜೆಗೆ ಕುಳಿತ ಹೊತ್ತು ನೋಡಿ ಕುಂಡದ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಿದ್ದ. ಮೊದಮೊದಲು ಚಿವುಟಿದ ಜಾಗ ಒಣಗಿ ಕಪ್ಪಾಗಿ, ಕಡ್ಡಿಯ ತುದಿ ಸುಟ್ಟ ಬೆಂಕಿಕಡ್ಡಿಯಂತೆ ಕಾಣುತ್ತಿತ್ತು. ಅಕ್ಕ ಮಾತು ಬಿಟ್ಟಿದ್ದಳು, ಆದರೆ ಸಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನ್ನ ಮುಂದೆ ಕೈ ಚಾಚುತ್ತಿದ್ದಳು. ನಾನು ಫೋನು ಕೊಡುತ್ತಿದ್ದೆ. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿ ವಾಪಸ್ ಕೊಡುತ್ತಿದ್ದಳು. ಅಂಗಡಿಯಲ್ಲಿ ನಾನು 'ಜನ್ಮದಿನದ ಹಾರ್ದಿಕ ಶುಭಾಶಯ' ಜೋಡಿಸುವಾಗಲೂ ಕಣ್ಣು ಫೋನಿನ ಮೇಲೆ. ಒಬ್ಬ ಪುಢಾರಿಯ ಫೋಟೋ ಇರಬೇಕಾದ ಜಾಗದಲ್ಲಿ ಸೇವಂತಿಗೆ ಕಡ್ಡಿಯ ಚಿತ್ರ ಕೂರಿಸಿ ಪ್ರಿಂಟಿಗೆ ಕೊಟ್ಟುಬಿಟ್ಟೆ. ಅದೊಂದು ಮಾತ್ರ, ದೇವರಾಣೆ, ಬೇಕೆಂದು ಮಾಡಿದ್ದಲ್ಲ.

ಕುರುಗೋಡಿಗೆ ಹೋದದ್ದು ನಿನ್ನ ಗಿಡಗಳನ್ನು ಕಂಡಾದರೂ ಧೈರ್ಯ ಬರಲಿ ಎಂದು. ಹಿತ್ತಿಲ ಬಾಗಿಲು ತೆಗೆದವನು ಬೆಚ್ಚಿಬಿದ್ದೆ. ನಿನ್ನ ಎಣ್ಣೆ ಡಬ್ಬಗಳಲ್ಲಿ ಹೆಚ್ಚಿನವು ಒಣಗಿದ್ದವು. ಉಳಿದ ಒಂದು ಸೇವಂತಿಗೆಗೆ ಅತ್ತೆ ಸೆಣಬಿನ ಹುರಿ ಹಾಕಿ, ಉದ್ದನೆಯ ಕೋಲಿಗೆ ಬಿಗಿದು, ಅಡುಗೆಮನೆ ಕಿಟಕಿಯ ಸರಳಿಗೆ ಕಟ್ಟಿದ್ದಳು. ಒಂದೂ ಕವಲಿಲ್ಲದೆ ಅದು ಮೇಲಕ್ಕೆ ಹೋಗುತ್ತಿತ್ತು. ನನ್ನ ಕೈ ತಾನಾಗಿ ಮುಂದೆ ಚಾಚಿತು.

"ಮುಟ್ಟೀಯ ಮತ್ತ!" ಎಂದಳು ಅತ್ತೆ ಒಲೆಯ ಮುಂದಿನಿಂದಲೇ.

"ಅತ್ತಿ, ಇದು ಹಿಂಗ ಬಿಟ್ರ ಕೋಲಾಗಿ ಹೋಗ್ತೈತಿ."

"ಹೋಗ್ಲಿ. ನಿಮ್ಮ ಮಾಮ ಈ ಮನ್ಯಾಗ ಒಂದು ಗಿಡಾನೂ ಎತ್ತರ ಹೋಗಾಕ ಬಿಡ್ಲಿಲ್ಲ. ಮದಿವಿ ಆಗಿ ಬಂದಾಗಿಂದ ನೋಡೀನಿ, ಎಲ್ಲಾ ಮೊಣಕಾಲ ಮಟ. ಒಂದ ಸಲ ನೋಡಬೇಕು ನಾ, ಬಿಟ್ರ ಎಲ್ಲೀತನ ಹೋಗ್ತೈತಿ ಅಂತ."

ಇದನ್ನು ಅವಳು ನಿನಗೆ ಎಂದಾದರೂ ಹೇಳಿದ್ದಳೇ? ಹೇಳಿರಲಿಕ್ಕಿಲ್ಲ. ಹೇಳಿದ್ದರೂ ನೀನು ಕೇಳಿಸಿಕೊಂಡಿರಲಿಕ್ಕಿಲ್ಲ. ನಾನು ಸಿರುಗುಪ್ಪದ ಕತೆಯನ್ನೆಲ್ಲ ಹೇಳಿ, "ಹೂವು ಬಂದ ಬರ್ತಾವಲ್ಲ ಅತ್ತಿ?" ಎಂದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಯಾವಾಗ ಚಿವುಟಿದಿ? ದಸರಾ ಆದಮ್ಯಾಲ? ಮೊಗ್ಗು ಬಂದಮ್ಯಾಲ?" ನಾನು ತಲೆಯಾಡಿಸಿದೆ. "ಒಂದ್ ವರ್ಷ ನಿಮ್ಮ ಮಾಮ ಹಂಗ ತಡಾ ಮಾಡಿ ಚಿವುಟಿದ್ದ. ಕವಲೇನೋ ಬಂದ್ವು. ಹೂವು ಬರಲಿಲ್ಲ. ಸಂಕ್ರಾಂತಿ ಪೂಜಿಗೂ ಸಂತ್ಯಾಗ ಹೂವು ಕೊಂಡು ತಂದ್ವಿ." ನೀನು ಇದೊಂದನ್ನು ಪಾಠದಲ್ಲಿ ಬಿಟ್ಟಿದ್ದೆ ಮಾಮ. ಬಾಗಿಲ ದಢೂತಿಯನ್ನು ಇಳಿಸುವುದಕ್ಕೂ ಒಂದು ಹೊತ್ತು ಇರುತ್ತದೆ ಎಂದು ಯಾಕೆ ಹೇಳಲಿಲ್ಲ? ಆ ದಿನ ಕುರುಗೋಡಿನಿಂದ ಬರುವಾಗ ನಿನ್ನನ್ನು ಬಸ್ಸಿನ ತುಂಬ ಬೈದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜ ಎದ್ದು ಬೇರೆ ಸೀಟಿಗೆ ಹೋದ.

ಕವಲು ಬಂದ ಫೋಟೋ ಬಂದ ದಿನ ಅಕ್ಕ ಮೊದಲ ಬಾರಿಗೆ "ಇದೇನಲೇ, ಇಲ್ಲಿ ಹಸರು?" ಎಂದು ಮಾತಾಡಿದಳು. ಎಲೆಯ ಬುಡದಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕೆ. ಆಮೇಲೆ ಇನ್ನೊಂದು, ಮತ್ತೊಂದು. ದೀಪಾವಳಿ ಬಂದು ಹೋಯಿತು. ಕವಲುಗಳು ಉದ್ದವಾದವು, ಮೊಗ್ಗಿನ ಸುಳಿವಿಲ್ಲ. ಅತ್ತೆಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಅಕ್ಕನಿಗೆ ಹೇಳಲಿಲ್ಲ. ಅಷ್ಟರಲ್ಲಿ ಫೋಟೋಗಳು ನಿಂತೇಹೋದವು. ಮಂಜುನಾಥ ಒಂದೇ ಸಾಲು ಬರೆದ: 'ಕುಂಡ ಜಾಗದಲ್ಲಿಲ್ಲ. ಅವ್ವನನ್ನು ಕೇಳಲು ಧೈರ್ಯವಿಲ್ಲ.' ಅಕ್ಕ ಆ ಸಾಲು ಓದಿ ಫೋನು ಮೇಜಿನ ಮೇಲೆ ಇಟ್ಟು, ಸಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದಲು ಕುಳಿತಳು. ಬಹಳ ಹೊತ್ತು ಅದೇ ಹಾಳೆ ಅವಳ ಮುಂದಿತ್ತು.

ಸಿರುಗುಪ್ಪಕ್ಕೆ ನಾನೊಬ್ಬನೇ ಹೋದದ್ದು ಗಿರಣಿಯವರು ನವೆಂಬರ್ ಕೊನೆಗೆ ಇಟ್ಟುಕೊಂಡಿದ್ದ ರಾಜ್ಯೋತ್ಸವದ ಬ್ಯಾನರ್ ಮುಟ್ಟಿಸುವ ನೆಪದಿಂದ. ಅದನ್ನು ಮಂಜುನಾಥನ ಕೈಗೆ ತುರುಕಿ, ಅವನು "ಬ್ಯಾಡೋ ಮಾರಾಯ" ಎನ್ನುತ್ತಿರುವಾಗಲೇ ಅವನ ಮನೆಯ ದಾರಿ ಹಿಡಿದೆ. ಕಾಂಪೌಂಡಿನ ಪಕ್ಕ ಕುಂಡದ ತಳದ ದುಂಡನೆಯ ಗುರುತು ಮಾತ್ರ ಇತ್ತು. ಬಾಗಿ ಅದನ್ನೇ ನೋಡುತ್ತಿದ್ದೆ.

"ಬಂದ್ಯಾ? ಬರ್ತೀ ಅಂತ ಗೊತ್ತಿತ್ತು" ಎಂದು ಹಿಂದಿನಿಂದ ದನಿ ಬಂತು. "ಮೊದಲ ಕೈ ಹಿಂದ ಕಟ್ಟು."

ಕಟ್ಟಿದೆ. ಎರಡನೇ ತರಗತಿಯ ನಂತರ ಹಾಗೆ ನಿಂತಿರಲಿಲ್ಲ.

ಶರಣಮ್ಮನವರು ಹಿತ್ತಿಲಿಗೆ ನಡೆದರು, ನಾನು ಹಿಂದೆ. ಬಚ್ಚಲ ಗೋಡೆಯ ಮರೆಯಲ್ಲಿ ಕುಂಡವಿತ್ತು. ಗಿಡದ ಕುತ್ತಿಗೆಗೆ ಕರಿದಾರ, ದಾರಕ್ಕೆ ಇದ್ದಿಲ ಚೂರು, ಮಣ್ಣಿನಲ್ಲಿ ಹುಗಿದ ಮೆಣಸಿನಕಾಯಿ. "ನನ್ನ ಮಗ ದಿನಾ ಅದರ ಫೋಟೋ ಹಿಡಿಯಾಕ ಹತ್ತಿದ್ದ. ಫೋನಿನಾಗ ಎಷ್ಟು ಮಂದಿ ಕಣ್ಣು ಬಿದ್ದಾವೋ! ದಿಷ್ಟಿ ತಗಲ್ತೈತಿ ಅಂತ ಇಲ್ಲಿ ತಂದು ಇಟ್ಟೀನಿ" ಎಂದರು.

ನಾನು ಬಾಯಿ ತೆರೆದೆ. ದಿಷ್ಟಿ ತೆಗೆಯುತ್ತಾರೆಂದರೆ… ಅವರಿಗೂ ಆ ಗಿಡ ಹೂ ಬಿಡಬೇಕಿತ್ತೇ?

"ಏನ್ ಬಾಯಿ ಬಿಟ್ಟು ನೋಡ್ತೀ? ಈ ಸಂಬಂಧ ನನಗ ಬ್ಯಾಡಾಗಿತ್ತಂತ ತಿಳದಿಯೇನು? ನಿಮ್ಮಕ್ಕ ನನಗ ಮನಸ್ಸಿಗೆ ಬಂದಾಳ. ಸಿಟ್ಟಿನ ಭರಕ್ಕ ಮಾತು ಆಡಿಬಿಟ್ಟೆ, ಹೂವು ಬಂದ್ರ ಅಂತ. ಹಿರಿಯಾರ ಮುಂದ ಆಡಿದ ಮಾತು, ಈಗ ನಾ ಹೆಂಗ ನುಂಗ್ಲಿ?" ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಖರೆ ಹೇಳು. ಧನುರ್ಮಾಸದೊಳಗ ಅರಳತಾವೇನು? ನಗಾಟ ಮಾಡಿದ್ರ ನೋಡು ಮತ್ತ."

ನಾನು ಮಂಡಿಯೂರಿ ನೋಡಿದೆ. ಕೈ ಹಿಂದೆಯೇ. ಕವಲುಗಳ ತುದಿಯಲ್ಲಿ ಜೋಳದ ಕಾಳಿನಷ್ಟು ಮೊಗ್ಗುಗಳು, ಒಂದೊಂದು ತುದಿಯಲ್ಲಿ ಒತ್ತೊತ್ತಾಗಿ ನಾಲ್ಕೈದು. ಬಂದಿದ್ದವು ಮಾಮ! ಆದರೆ ತೀರಾ ತಡವಾಗಿ, ತೀರಾ ಹೆಚ್ಚಾಗಿ. ಅಷ್ಟನ್ನೂ ಸಾಕಲು ಹೋದರೆ ಆ ಬಡ ಗಿಡ ಒಂದನ್ನೂ ಹೊತ್ತಿಗೆ ಸರಿಯಾಗಿ ಅರಳಿಸಲಾರದು. ಆಗ ನಿನ್ನ ದನಿ ಕೇಳಿಸಿತು. ತುಂಬಿದ ಬಸ್ಸಿನ ಮೆಟ್ಟಿಲಲ್ಲಿ ನಿಂತು ನೀನು ಕೂಗುತ್ತಿದ್ದುದು: 'ಫುಲ್ ಆಗೇತ್ರಿ, ಇನ್ನ ಹತ್ತಬ್ಯಾಡ್ರಿ, ಹಿಂದ ಬಸ್ಸೈತಿ…' ನಾನು ಆ ಮನೆಯಲ್ಲಿ, ಆ ಹೆಂಗಸಿನ ಮುಂದೆ, ಆ ಮಾತನ್ನು ಹೇಳಬೇಕಿತ್ತು.

"ಒಂದೊಂದು ತುದಿಗೆ ಒಂದೊಂದು ದೊಡ್ಡದು ಬಿಟ್ಟು, ಸುತ್ತಲಿನ ಸಣ್ಣ ಮೊಗ್ಗು ತಗೀಬೇಕ್ರಿ."

"ಮತ್ತ ಚಿವುಟಬೇಕಂತೀಯಾ?"

"ನಾ ಅಲ್ರಿ. ನೀವು."

ಶರಣಮ್ಮನವರು ನನ್ನನ್ನು ನೋಡಿದರು. ಅಕ್ಕ ಅವತ್ತು ನೋಡಿದ ಹಾಗೆಯೇ, ಮುಖದಲ್ಲಿ ಎಲ್ಲಾದರೂ ನಗು ಅಡಗಿದೆಯೇ ಎಂದು ಹುಡುಕುತ್ತ. ನನ್ನ ಜೀವನದಲ್ಲಿ ನನ್ನ ಮುಖ ಅಷ್ಟು ಬೆತ್ತಲೆಯಾಗಿ ಎಂದೂ ಇರಲಿಲ್ಲ. ಆಮೇಲೆ ಅವರು ಕುಕ್ಕರುಗಾಲಲ್ಲಿ ಕುಳಿತು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಮೊದಲ ಸಣ್ಣ ಮೊಗ್ಗಿಗೆ ಉಗುರು ಹಚ್ಚಿದರು. "ಇದು?" "ಅದಲ್ರಿ, ಎಡಗಡೀದು." "ಇದಾ?" "ಹೂಂ ರೀ." ನಾನು ಗದ್ದದಿಂದ ತೋರಿಸುತ್ತ ಹೋದೆ, ಅವರು ತೆಗೆಯುತ್ತ ಹೋದರು. ಒಮ್ಮೆ ದೊಡ್ಡ ಮೊಗ್ಗಿಗೇ ಬೆರಳು ತಾಗಿತು. ಇಬ್ಬರೂ ಉಸಿರು ಹಿಡಿದೆವು. ಅದು ಅಲ್ಲಾಡಿ ಅಲ್ಲೇ ನಿಂತಿತು.

"ಇನ್ನ?"

"ಸಾಕ್ರಿ" ಎಂದೆ. ಬಾಯಿ ತಡೆಯಲಾಗಲಿಲ್ಲ. "ರೈಟ್… ರೈಟ್."

ಅವರು ತಲೆ ಎತ್ತಿದರು. "ಇದೇನು, ಕಂಡಕ್ಟರ್ ಗತೆ?"

"ನಮ್ಮ ಮಾಮ ಕಂಡಕ್ಟರ್ ಆಗಿದ್ನ್ರಿ. ಇದನ್ನ ಅವ ಕಲಿಸಿದ್ದು. ಅವತ್ತು ಅವ ಬಂದಿದ್ರ ಅವನ ಚಿವುಟತಿದ್ದ. ಬರಲಿಲ್ಲಲ್ರಿ… ಅದಕ್ಕ ನಾ…" ಅವರು ಅಂಗೈಯಲ್ಲಿದ್ದ ಸಣ್ಣ ಮೊಗ್ಗುಗಳನ್ನು ಕುಂಡದ ಮಣ್ಣಿಗೇ ಹಾಕಿ, "ಚಾ ಕುಡದು ಹೋಗು. ಕೈ ಮಾತ್ರ ಗೇಟು ದಾಟೂ ತನಕ ಹಿಂದ ಇರ್ಲಿ" ಎಂದರು. ಚಹಾ ಹೇಗೆ ಕುಡಿದೆ ಎಂದು ಕೇಳಬೇಡ.

ಆಮೇಲಿನ ದಿನಗಳನ್ನು ಹೇಗೆ ದೂಡಿದೆವೋ! ಪಂಚಾಂಗದಲ್ಲಿ ಧನುರ್ಮಾಸ ಹತ್ತಿರ ಬರುತ್ತಿತ್ತು. ಅವ್ವ ದೇವರ ಮುಂದೆ ಎರಡು ಹೊತ್ತು ದೀಪ ಹಚ್ಚತೊಡಗಿದಳು. ನಡುವೆ ಮೂರು ದಿನ ಮೋಡ ಕವಿದು ಬಿಸಿಲೇ ಬರಲಿಲ್ಲ. ಅಕ್ಕ ಮಾಳಿಗೆಯ ಮೇಲೆ ನಿಂತು ಸಿರುಗುಪ್ಪದ ದಿಕ್ಕಿಗೆ ಆಕಾಶ ನೋಡುತ್ತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತರೆ ಸರಿದುಹೋಗುತ್ತಿರಲಿಲ್ಲ, ಅಷ್ಟು ಮಾತ್ರ. ಕೊನೆಗೆ ಒಂದು ಬೆಳಗ್ಗೆ ಅಪ್ಪನ ಫೋನು ಬಡಿಯಿತು. ಅಪ್ಪ "ಹೂಂ ರೀ… ಹೂಂ ರೀ…" ಎನ್ನುತ್ತಲೇ ಇದ್ದರು, ಮುಖದಲ್ಲಿ ಏನೂ ತಿಳಿಯುವ ಹಾಗಿರಲಿಲ್ಲ. ಫೋನಿಟ್ಟು ನನ್ನ ಕಡೆ ತಿರುಗಿದರು. "ನಾಡಿದ್ದ ಬರ್ತಾರಂತ, ಹೂ ಮುಡಸಾಕ. ಆ ಹುಡುಗ ಉಗುರು ತಕ್ಕೊಂಡಿರಬೇಕು ಅಂತ ಹೇಳ್ಯಾರ." ಅಕ್ಕ ಅಡುಗೆಮನೆಯಿಂದ ಓಡಿ ಬಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿ ಅತ್ತಳು.

ಹೂ ಮುಡಿಸುವ ದಿನ ಶರಣಮ್ಮನವರು ಬಾಳೆಲೆಯಲ್ಲಿ ಸುತ್ತಿ ತಂದದ್ದು ಹಳದಿ ಸೇವಂತಿಗೆಯ ಮಾಲೆ. ಹೂವು ಸ್ವಲ್ಪ ಸಣ್ಣವೇ, ಆದರೆ ಅಕ್ಕನ ಜಡೆ ತುಂಬುವಷ್ಟು, ಎಲ್ಲ ಆ ಒಂದೇ ಕುಂಡದವು. ಅವ್ವ, ಓಣಿಯ ಮುತ್ತೈದೆಯರು ಎಲ್ಲ ಸುತ್ತ ನಿಂತಿದ್ದರು. ಅತ್ತೆ ಕುರುಗೋಡಿನಿಂದ ಬಂದವಳು ಒಳಗೆ ಬರದೆ ಬಾಗಿಲ ಹೊರಗೇ ನಿಂತಿದ್ದಳು. ನೀನು ಹೋದ ಮೇಲೆ ಇಂಥ ಕಡೆ ಅವಳು ಹಾಗೇ ನಿಲ್ಲುತ್ತಾಳೆ. ಅಕ್ಕ ನೋಡಿದಳು. "ಅತ್ತಿ, ಸೆರಗಿನಾಗ ಏನು ಮುಚ್ಚಿ ಹಿಡದೀ?" ಎಂದಳು. ಅತ್ತೆ ತೋರಿಸಲು ಒಲ್ಲೆ ಎಂದಳು. ಅಕ್ಕ ಎದ್ದು ಹೋಗಿ ಸೆರಗು ಸರಿಸಿದಳು.

ಆ ಉದ್ದನೆಯ ಗಿಡದ ಹೂವು. ಒಂದೇ ಒಂದು, ಚಹಾದ ಬಸಿಯಷ್ಟು ಅಗಲ.

"ಮುಡಸು ಅತ್ತಿ. ಮಾಮನ ಮನಿ ಹೂವು ನೀನ ಮುಡಸಬೇಕು" ಎಂದಳು ಅಕ್ಕ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಹಿಂದೆ ಸರಿದು, "ಬ್ಯಾಡವ್ವ ರೇಖಾ, ಹಿರಿಯಾರ ಅದಾರ…" ಎಂದಳು. ನಾನು ಶರಣಮ್ಮನವರನ್ನೇ ನೋಡುತ್ತಿದ್ದೆ. ಇನ್ನೊಮ್ಮೆ ತಟ್ಟೆ ಒಳಗೆ ಹೋಗುತ್ತದೆಯೇ? ಅವರು ಅತ್ತೆಯ ಕೈಯಲ್ಲಿದ್ದ ಹೂವನ್ನು ನೋಡಿದರು. ಆಮೇಲೆ ಅಕ್ಕನ ಜಡೆಗೆ ಕೈ ಹಾಕಿ, ತಾವೇ ಮುಡಿಸಿದ್ದ ಮಾಲೆಯ ನಡುವಿನಿಂದ ಎರಡು ಹೂ ಎಳೆದು ತೆಗೆದರು.

"ಏನ್ ನಿಂತೀಯವ್ವ? ಇಲ್ಲಿ ಜಾಗ ಆಗೈತಿ. ಜಲ್ದಿ ಮುಡಸು, ಹೊತ್ತು ಮೀರತೈತಿ."

ಅತ್ತೆ ಮುಡಿಸಿದಳು.

ಇದೇ ಮಾಮ, ನೀನು ಕೇಳದೆ ಹೋದ ಸುದ್ದಿ. ಮದುವೆ ಸಂಕ್ರಾಂತಿಯ ನಂತರ. ನೀನು ಚೀಲ ಇಟ್ಟು ಕಾಯ್ದ ಸೀಟು ಖಾಲಿ ಬೀಳಲಿಲ್ಲ. ಉಗುರು ತೆಗೆದಿದ್ದೇನೆ, ಶರಣಮ್ಮನವರು ಬೆರಳು ಹಿಡಿದು ಪರೀಕ್ಷಿಸಿಯೇ ತಾಂಬೂಲ ಕೊಟ್ಟರು. ಬರುವ ಮಳೆಗಾಲಕ್ಕೆ ಸಸಿ ನೆಟ್ಟಾಗ ಉಗುರನ್ನು ಮತ್ತೆ ಬೆಳೆಸಿಕೊಂಡು ಬರಬೇಕಂತೆ, "ದಸರಾದ ಒಳಗ ಬಾ, ಆಮ್ಯಾಲ ಬಂದ್ರ ಗೇಟು ತಗಿಯಂಗಿಲ್ಲ" ಎಂದಿದ್ದಾರೆ.

ಮೊನ್ನೆ ಅತ್ತೆಯನ್ನು ಬಿಟ್ಟು ಬರಲು ಕುರುಗೋಡಿಗೆ ಹೋಗಿದ್ದೆ. ಹೂ ಕೊಯ್ದ ಜಾಗದ ಕೆಳಗೆ, ಕಿಟಕಿಯ ಸರಳಿನ ಮಟ್ಟದಲ್ಲಿ, ಅವಳ ಗಿಡ ಇನ್ನೊಂದು ಕುಡಿ ಹಾಕಿದೆ. ಒಂದೇ, ನೆಟ್ಟಗೆ ಮೇಲಕ್ಕೆ. ಅವಳು ಅದಕ್ಕೆ ಈಗಾಗಲೇ ಹೊಸ ಹುರಿ ಹುಡುಕಿಟ್ಟಿದ್ದಾಳೆ. ನೀನಿದ್ದಿದ್ದರೆ ಅದು ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ, ಗೊತ್ತಲ್ಲ? ಅದರ ಮುಂದೆ ಬಹಳ ಹೊತ್ತು ನಿಂತೆ. ಉಗುರಿಲ್ಲದ ಹೆಬ್ಬೆರಳು ತುರಿಸುತ್ತಿತ್ತು. ಅತ್ತೆ ಒಳಗಿದ್ದಳು, ಹಿತ್ತಿಲಲ್ಲಿ ನೋಡುವವರು ಯಾರೂ ಇರಲಿಲ್ಲ.

ಕೈ ಹಿಂದೆ ಕಟ್ಟಿಕೊಂಡೆ, ಮಾಮ.

ನಿನ್ನ,
ಪಂಪಾ